ತಿಂಗಳಿಗೊಂದು ತಾರೀಖು, ದಿನಕ್ಕೊಂದು ಹೊತ್ತು

ತಮ್ಮಾ, ದುಡಿಯಲು ಶುರುಮಾಡಿ ನಾಲ್ಕೈದು ವರ್ಷವಾಗಿರುವ, ಮದುವೆಯಾಗಿರುವ ಇಲ್ಲವೇ ಆಗಲಿರುವ, ಅಪ್ಪ ಅಮ್ಮನಿಗೆ ವಯಸ್ಸಾಗುತ್ತಿದೆ ಎಂಬುದು ಈಗೀಗ ಕಣ್ಣಿಗೆ ಬೀಳುತ್ತಿರುವ ನಿನ್ನಂಥವನಿಗೆ ಈ ಮಾತು. ದುಡ್ಡಿನ ವಿಚಾರವನ್ನೂ ದೇಹದ ವಿಚಾರವನ್ನೂ ಒಟ್ಟಿಗೇ ಹೇಳುತ್ತೇನೆ. ನಾನು ಕಂಡಂತೆ ಗಂಡಸಿನ ಬದುಕಿನಲ್ಲಿ ಅವೆರಡೂ ಜೊತೆಯಾಗಿ ಕೆಡುತ್ತವೆ, ಜೊತೆಯಾಗಿಯೇ ಸುಧಾರಿಸುತ್ತವೆ.

ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಕೆಲಸದ ವಯಸ್ಸನ್ನೆಲ್ಲ ಕಳೆದವನು ನಾನು. ಮೊದಲ ಸಂಬಳದ ಖಾತೆ ತೆರೆಯಲು ಬರುತ್ತಿದ್ದ ಹುಡುಗರ ಉತ್ಸಾಹ ನನಗೆ ಚೆನ್ನಾಗಿ ಗೊತ್ತು. ಅರ್ಧ ಸಂಬಳ ಉಳಿಸುತ್ತೇನೆ ಅನ್ನುತ್ತಿದ್ದರು, ಬೆಳಗ್ಗೆ ಐದಕ್ಕೇ ಎದ್ದು ಓಡುತ್ತೇನೆ ಅನ್ನುತ್ತಿದ್ದರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೂ ಕೆಲವೇ ತಿಂಗಳಲ್ಲಿ ಉಳಿತಾಯವೂ ನಿಲ್ಲುತ್ತಿತ್ತು, ಓಟವೂ ನಿಲ್ಲುತ್ತಿತ್ತು. ಇಂಥವರನ್ನು ಆರಂಭಶೂರರು ಎಂದು ನಗುವುದು ಸುಲಭ. ನನಗೆ ಅದು ನ್ಯಾಯ ಅನ್ನಿಸಿಲ್ಲ. ಅವರಿಗೆ ಛಲ ಬೇಕಾದಷ್ಟಿತ್ತು, ಏರ್ಪಾಡು ಇರಲಿಲ್ಲ. ಉಳಿಸುವ ತಾರೀಖು ಗೊತ್ತುಮಾಡಿರಲಿಲ್ಲ, ವ್ಯಾಯಾಮದ ಹೊತ್ತು ಗೊತ್ತುಮಾಡಿರಲಿಲ್ಲ. ಪ್ರತಿದಿನವೂ ಮನಸ್ಸನ್ನು ಹೊಸದಾಗಿ ಒಪ್ಪಿಸಬೇಕಾದ ಕೆಲಸ ಬಹಳ ದಿನ ನಡೆಯುವುದಿಲ್ಲ.

ಉತ್ಸಾಹದಂತೆ ಭಯವೂ ಬಾಳಿಕೆ ಬರುವುದಿಲ್ಲ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಇಡೀ ನಾಡು ಕಂಗೆಟ್ಟಿತು. ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಹೃದಯ ತಪಾಸಣೆಗೆ ಜನ ಮುಗಿಬಿದ್ದರು. 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಬಂದಾಗಲೂ ಬೆಂಗಳೂರು, ಮೈಸೂರುಗಳ ಜಯದೇವದ ಮುಂದೆ ಅದೇ ಸಾಲು. ತಪಾಸಣೆ ಒಳ್ಳೆಯದೇ. ಆದರೆ ಆ ಸಾಲಿನಲ್ಲಿ ನಿಂತವರಲ್ಲಿ ಆರು ತಿಂಗಳ ನಂತರವೂ ನಡೆಯುತ್ತಿದ್ದವರು, ಸಿಗರೇಟು ಬಿಟ್ಟವರು, ರಾತ್ರಿ ಹೊತ್ತಿಗೆ ಸರಿಯಾಗಿ ಮಲಗುತ್ತಿದ್ದವರು ಎಷ್ಟು ಮಂದಿ ಎಂದು ನಿನ್ನ ಸುತ್ತಲಿನವರನ್ನೇ ನೋಡಿ ಹೇಳು. ಭಯ ನಮ್ಮನ್ನು ಒಂದು ದಿನ ಸಾಲಿನಲ್ಲಿ ನಿಲ್ಲಿಸೀತು. ವರ್ಷಾನುಗಟ್ಟಲೆ ನಡೆಸುವ ಶಕ್ತಿ ಅದಕ್ಕಿಲ್ಲ.

ಹಾಗಾದರೆ ನಡೆಸುವುದು ಯಾವುದು? ಈ ಪ್ರಶ್ನೆಗೆ ನಮ್ಮ ನಾಡಿನ ಎರಡು ಹಳೆಯ ವ್ಯವಸ್ಥೆಗಳಲ್ಲಿ ಉತ್ತರವಿದೆ. ಒಂದು ಉಡುಪಿಯ ಪಿಗ್ಮಿ, ಇನ್ನೊಂದು ಊರೂರಿನ ಗರಡಿಮನೆ.

1925ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಹುಟ್ಟಿತು. ವೈದ್ಯರಾದ ಡಾ. ಟಿ.ಎಂ.ಎ. ಪೈ, ವ್ಯಾಪಾರಿಯಾದ ಉಪೇಂದ್ರ ಪೈ, ಎಂಜಿನಿಯರ್ ಆದ ವಾಮನ ಕುಡ್ವ ಸೇರಿ ಕಟ್ಟಿದ ಸಂಸ್ಥೆ ಅದು. ಮೂಲ ಬಂಡವಾಳ 8,000 ರೂಪಾಯಿ. ಕಷ್ಟಕ್ಕೆ ಸಿಕ್ಕಿದ್ದ ಕರಾವಳಿಯ ನೇಕಾರರಿಗೆ ನೆರವಾಗುವುದು ಉದ್ದೇಶ. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಈ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟ್ ದಿನವೂ ಮನೆ ಬಾಗಿಲಿಗೆ, ಅಂಗಡಿ ಕಟ್ಟೆಗೆ ಬರುತ್ತಿದ್ದ. ಎರಡಾಣೆ ಕೊಟ್ಟರೂ ಸಾಕು, ಪುಸ್ತಕದಲ್ಲಿ ಬರೆದುಕೊಂಡು ಹೋಗುತ್ತಿದ್ದ.

ಇದರ ಜಾಣತನ ಎಲ್ಲಿದೆ ಗಮನಿಸು. ದಿನಗೂಲಿಯವನಿಗೆ, ಹೋಟೆಲ್ ಮಾಣಿಗೆ, ಮೀನು ಮಾರುವ ಹೆಂಗಸಿಗೆ "ಉಳಿಸು" ಎಂದು ಯಾರೂ ಉಪದೇಶ ಮಾಡಲಿಲ್ಲ. ಉಳಿಸುವುದಕ್ಕೆ ಬ್ಯಾಂಕಿನ ಮೆಟ್ಟಿಲು ಹತ್ತಬೇಕು, ಅರ್ಧ ದಿನದ ಕೂಲಿ ಕಳೆದುಕೊಳ್ಳಬೇಕು, ಓದುಬರಹದವರ ಮುಂದೆ ಮುದುಡಿ ನಿಲ್ಲಬೇಕು ಎಂಬ ಅಡ್ಡಿಗಳನ್ನು ತೆಗೆದುಹಾಕಿದರು, ಅಷ್ಟೆ. ಜೇಬಿನಲ್ಲಿ ದುಡ್ಡಿರುವ ಹೊತ್ತಿಗೇ ಪಿಗ್ಮಿಯವನು ಬರುತ್ತಿದ್ದ. ಪಿಗ್ಮಿಯ ಬಡ್ಡಿ ಎಂದೂ ದೊಡ್ಡದಲ್ಲ. ಏಜೆಂಟನ ಕಮಿಷನ್ ಹೊರಡಬೇಕಾದ್ದರಿಂದ ಅದು ಕಡಿಮೆಯೇ ಇರಬೇಕು. ಆದರೂ ಆ ಪುಸ್ತಕ ತುಂಬಿದಾಗ ಮಗಳ ಮದುವೆ ನಡೆದದ್ದನ್ನು, ಗೂಡಂಗಡಿ ಪಕ್ಕಾ ಅಂಗಡಿಯಾದದ್ದನ್ನು, ಬಾಡಿಗೆ ಮನೆಯವನು ಸ್ವಂತ ಸೂರು ಕಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಕೆಲಸ ಮಾಡಿದ್ದು ಬಡ್ಡಿಯಲ್ಲ, ದಿನವೂ ತಪ್ಪದ ಆ ಬರುವಿಕೆ. ಇವತ್ತಿಗೂ ಕರಾವಳಿ, ಮಲೆನಾಡುಗಳ ಪೇಟೆಯಲ್ಲಿ ಸಹಕಾರಿ ಸಂಘದ ಪಿಗ್ಮಿಯವರು ಕೈಯಲ್ಲಿ ಪುಟ್ಟ ಯಂತ್ರ ಹಿಡಿದು ಅಂಗಡಿ ಅಂಗಡಿಗೆ ಹೋಗುವುದನ್ನು ನೀನು ನೋಡಬಹುದು.

ಗರಡಿಮನೆಯದೂ ಇದೇ ಲೆಕ್ಕ. ಮೈಸೂರು, ದಾವಣಗೆರೆ, ಧಾರವಾಡ, ಬೆಳಗಾವಿ ಕಡೆಯ ಗರಡಿಗಳಲ್ಲಿ ಬೆಳಗಿನ ಜಾವದ ಹೊತ್ತು ಗೊತ್ತಾದದ್ದು. ಉಸ್ತಾದ್ ಬಂದಿರುತ್ತಾರೆ, ಜೊತೆಯ ಹುಡುಗರು ಬಂದಿರುತ್ತಾರೆ, ನೀನು ಬರಲಿಲ್ಲವೆಂದರೆ ಕೇಳುವವರಿದ್ದಾರೆ. ಹೊಸಬನನ್ನು ಮೊದಲ ದಿನವೇ ಯಾರೂ ಕುಸ್ತಿಗೆ ಬಿಡುವುದಿಲ್ಲ. ಕೆಮ್ಮಣ್ಣಿನ ಮಟ್ಟಿ ಅಗೆದು ಹದ ಮಾಡುವುದರಿಂದ ಅವನ ಪಾಠ ಶುರು. ಆಮೇಲೆ ದಂಡ, ಬಸ್ಕಿ. ಎಣಿಕೆ ನಿಧಾನವಾಗಿ ಏರುತ್ತದೆ. ಗದೆ, ಕರ್ಲಾಕಟ್ಟೆ ಎಲ್ಲ ಅದಾದ ಮೇಲೆ. ದಸರಾ ಕುಸ್ತಿಯ ಕಣದಲ್ಲಿ ಕೆಲವು ನಿಮಿಷ ಕಾಣುವ ಪಟ್ಟಿನ ಹಿಂದೆ ವರ್ಷಗಳ ಈ ಬೇಸರದ ಕೆಲಸವಿರುತ್ತದೆ.

ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ಎಂಬ ಮಹನೀಯರಿದ್ದರು. ಇವತ್ತಿನ ಓದುಗರಿಗೆ ಅವರು 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಕರ್ತೃ. ಆ ಕಾಲದ ಯುವಕರಿಗೆ ಅವರು ಅಂಗಸಾಧನೆಯ ಗುರು. ಸ್ವತಃ ಕಂಡರಿಸಿದಂಥ ಮೈಕಟ್ಟು ಅವರದು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದರು, ಬರಲಾಗದ ಊರಿನವರಿಗೆ ಅಂಚೆಯ ಮೂಲಕವೂ ಪಾಠ ಕಳಿಸಿದರು. ಸೂರ್ಯನಮಸ್ಕಾರದಂಥ ನಿತ್ಯದ ಸಾಧನೆಗೆ ಅವರು ಬೆಲೆ ಕೊಟ್ಟವರು. 1980ರಲ್ಲಿ ತೀರಿಕೊಂಡಾಗ ಅವರಿಗೆ ಎಂಬತ್ತು ದಾಟಿತ್ತು. ದೇಹ ಕಟ್ಟಿದ ಮನುಷ್ಯನೇ ಕಾದಂಬರಿಯನ್ನೂ ಬರೆದ, ನಾಟಕವನ್ನೂ ಆಡಿಸಿದ ಎಂಬುದು ಆಕಸ್ಮಿಕವಲ್ಲ ಎಂದು ನನ್ನ ನಂಬಿಕೆ. ಒಂದು ಕೆಲಸವನ್ನು ಹೊತ್ತಿಗೆ ಸರಿಯಾಗಿ ಮಾಡಲು ಕಲಿತವನಿಗೆ ಎರಡನೆಯದೂ ಒಲಿಯುತ್ತದೆ.

ಪಿಗ್ಮಿಯವನು ಬಾಗಿಲಿಗೆ ಬರುತ್ತಿದ್ದ, ಉಸ್ತಾದ್ ಗರಡಿಯಲ್ಲಿ ಕಾಯುತ್ತಿದ್ದರು. ನಿನ್ನ ಬಾಗಿಲಿಗೆ ಈಗ ಯಾರೂ ಬರುವುದಿಲ್ಲ. ಆದ್ದರಿಂದ ಆ ಏರ್ಪಾಡನ್ನು ನೀನೇ ಮಾಡಿಕೊಳ್ಳಬೇಕು. ಹೇಗೆ ಎಂದು ಒಂದೊಂದಾಗಿ ಹೇಳುತ್ತೇನೆ.

ಮೊದಲು ದುಡ್ಡು. ಸಂಬಳ ಬಂದ ಮರುದಿನದ ತಾರೀಖನ್ನು ಉಳಿತಾಯಕ್ಕೆ ಗೊತ್ತುಮಾಡು. ಆ ದಿನ ಖಾತೆಯಿಂದ ಹಣ ತಾನಾಗಿ ಬೇರೆ ಕಡೆ ಹೋಗುವಂತೆ ಬ್ಯಾಂಕಿಗೆ ಒಮ್ಮೆ ಸೂಚನೆ ಕೊಟ್ಟುಬಿಡು. ಖರ್ಚು ಮಾಡಿ ಉಳಿದದ್ದನ್ನು ಉಳಿಸುತ್ತೇನೆ ಅಂದವನ ಖಾತೆಯಲ್ಲಿ ತಿಂಗಳ ಕೊನೆಗೆ ಏನೂ ಉಳಿಯುವುದಿಲ್ಲ. ಉಳಿಸಿ ಮಿಕ್ಕಿದ್ದನ್ನು ಖರ್ಚು ಮಾಡುವವನಿಗೆ ಹೇಗೋ ಸಾಲುತ್ತದೆ. ಮೊದಲೇ ಅರ್ಧ ಸಂಬಳಕ್ಕೆ ಕೈ ಹಾಕಬೇಡ. ಹತ್ತರಲ್ಲಿ ಒಂದು ಪಾಲಿನಿಂದ ಶುರುಮಾಡು. ಪ್ರತಿ ಸಲ ಸಂಬಳ ಏರಿದಾಗ ಏರಿದ್ದರ ಅರ್ಧವನ್ನು ಉಳಿತಾಯಕ್ಕೆ ಸೇರಿಸು, ಉಳಿದರ್ಧವನ್ನು ಮನೆಮಂದಿಯೊಂದಿಗೆ ಸಂತೋಷವಾಗಿ ಅನುಭವಿಸು. ಹೀಗೆ ಮಾಡಿದವನಿಗೆ ಎಂದೂ ಹೊಟ್ಟೆ ಕಟ್ಟಿದೆ ಅನ್ನಿಸುವುದಿಲ್ಲ.

ತಿಂಗಳ ಸಂಬಳವಿಲ್ಲದ ನಿನ್ನ ಅಣ್ಣತಮ್ಮಂದಿರಿಗೂ ಇದೇ ಮಾತು ಬೇರೆ ಲೆಕ್ಕದಲ್ಲಿ ಹೊಂದುತ್ತದೆ. ಆಟೋ ಓಡಿಸುವವನಿಗೆ, ಮನೆಮನೆಗೆ ಊಟ ತಲುಪಿಸುವವನಿಗೆ ದಿನದ ಲೆಕ್ಕ ಒಳ್ಳೆಯದು. ಅವನಿಗೆ ಇಂದಿಗೂ ಪಿಗ್ಮಿಯಷ್ಟು ಸರಿಯಾದದ್ದು ಇನ್ನೊಂದಿಲ್ಲ. ಅಡಿಕೆ, ಕಾಫಿ, ಮೆಣಸಿನ ದುಡ್ಡು ವರ್ಷಕ್ಕೊಮ್ಮೆ ಕೈಗೆ ಬರುವ ಮನೆಯವನು ಫಸಲು ಮಾರಿದ ವಾರದಲ್ಲೇ ಒಂದು ಪಾಲನ್ನು ಠೇವಣಿಯಾಗಿ ಎತ್ತಿಡಬೇಕು. ಮಾರಿದ ದುಡ್ಡು ಮನೆಯಲ್ಲಿ ಒಂದು ತಿಂಗಳು ಕೂತಿತೆಂದರೆ ಅದಕ್ಕೆ ನೂರು ದಾರಿ ಹುಟ್ಟುತ್ತವೆ.

ಕಾಲ ಏನು ಮಾಡುತ್ತದೆ ಎಂದು ತಿಳಿಯಲು ಒಂದು ಲೆಕ್ಕ ಕೇಳು. ದಿನಕ್ಕೆ 100 ರೂಪಾಯಿ, ಅಂದರೆ ತಿಂಗಳಿಗೆ 3,000, ವರ್ಷಕ್ಕೆ 36,000. ಸಾರ್ವಜನಿಕ ಭವಿಷ್ಯ ನಿಧಿ, ನಾವೆಲ್ಲ ಪಿಪಿಎಫ್ ಎನ್ನುವ ಖಾತೆಗೆ 2020ರ ಏಪ್ರಿಲ್‌ನಲ್ಲಿ ಗೊತ್ತಾದ ಬಡ್ಡಿ ಶೇ 7.1. ಅದೇ ದರ ಮುಂದುವರಿಯಿತು ಎಂದಿಟ್ಟುಕೊಂಡರೆ 30 ವರ್ಷದಲ್ಲಿ ನೀನು ಕಟ್ಟಿದ್ದು 10 ಲಕ್ಷದ 80 ಸಾವಿರ, ಕೈಗೆ ಬರುವುದು ಸುಮಾರು 35 ಲಕ್ಷ. ಇದನ್ನೇ ಹತ್ತು ವರ್ಷ ತಡವಾಗಿ ಶುರುಮಾಡಿ 20 ವರ್ಷ ಕಟ್ಟಿದರೆ ಬರುವುದು ಸುಮಾರು 15 ಲಕ್ಷ. ಕಟ್ಟುವ ಹಣದಲ್ಲಿ ಕಡಿಮೆಯಾದದ್ದು 3 ಲಕ್ಷದ 60 ಸಾವಿರ, ಫಲದಲ್ಲಿ ಕಡಿಮೆಯಾದದ್ದು 20 ಲಕ್ಷ. ಪಿಪಿಎಫ್‌ಗೆ ವರ್ಷಕ್ಕೆ 500 ರೂಪಾಯಿಯಿಂದ ಒಂದೂವರೆ ಲಕ್ಷದವರೆಗೆ ಕಟ್ಟಬಹುದು. ಅವಧಿ 15 ವರ್ಷ, ಆಮೇಲೆ ಐದೈದು ವರ್ಷ ಮುಂದುವರಿಸಬಹುದು. ತಿಂಗಳ 5ನೇ ತಾರೀಖಿನಿಂದ ಕೊನೆಯ ದಿನದವರೆಗಿನ ಕನಿಷ್ಠ ಮೊತ್ತಕ್ಕೆ ಬಡ್ಡಿ ಲೆಕ್ಕ ಹಾಕುತ್ತಾರೆ. ಆದ್ದರಿಂದ 5ರ ಒಳಗೆ ಕಟ್ಟುವವನಿಗೆ ಆ ತಿಂಗಳ ಬಡ್ಡಿ ಸಿಗುತ್ತದೆ, 6ಕ್ಕೆ ಕಟ್ಟಿದವನಿಗೆ ಇಲ್ಲ. ತಾರೀಖಿನ ಬೆಲೆ ಇಷ್ಟು ನೇರವಾದದ್ದು.

ಕೆಲಸದಲ್ಲಿರುವವನಾದರೆ ಮೂಲ ವೇತನದ ಶೇ 12ರಷ್ಟು ನೌಕರರ ಭವಿಷ್ಯ ನಿಧಿಗೆ, ಅಂದರೆ ಪಿಎಫ್‌ಗೆ ಹೋಗುತ್ತಿರುತ್ತದೆ, ಮಾಲೀಕರೂ ಅಷ್ಟೇ ಹಾಕುತ್ತಾರೆ. ಕೆಲಸ ಬದಲಿಸಿದಾಗಲೆಲ್ಲ ಆ ಹಣ ಬಿಡಿಸಿಕೊಂಡು ಬೈಕು, ಫೋನು ಕೊಳ್ಳುವ ಹುಡುಗರಿದ್ದಾರೆ. ನೀನು ಹಾಗೆ ಮಾಡಬೇಡ. ಹೊಸ ಕಡೆಗೆ ವರ್ಗಾಯಿಸು. ಐವತ್ತೆಂಟರ ವಯಸ್ಸಿನ ನೀನು ಆ ಹಣಕ್ಕೆ ಕಾಯುತ್ತಿರುತ್ತೀಯ.

ಯಾವುದು ಮೊದಲು ಎಂಬ ಕ್ರಮವೂ ಮುಖ್ಯ. ಕ್ರೆಡಿಟ್ ಕಾರ್ಡಿನ ಬಾಕಿ ಇದ್ದರೆ ಅದನ್ನು ತೀರಿಸುವುದೇ ನಿನ್ನ ಮೊದಲ ಉಳಿತಾಯ. ಕಾರ್ಡಿನ ಬಡ್ಡಿ ತಿಂಗಳಿಗೆ ಶೇ 3ರಿಂದ 4ರವರೆಗೆ ಇರುತ್ತದೆ. 50,000 ಬಾಕಿಗೆ ಶೇ 3.5ರಂತೆ ಒಂದು ತಿಂಗಳ ಬಡ್ಡಿ 1,750 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ 2,065. ಕನಿಷ್ಠ ಮೊತ್ತವೆಂದು ಶೇ 5ರಂತೆ 2,500 ಕಟ್ಟಿ ನೀನು ನಿರಾಳನಾಗುತ್ತೀಯ. ಅಸಲಿಗೆ ಹೋದದ್ದು ಬರೀ 435. ಏನೂ ಕಟ್ಟದೆ ಬಿಟ್ಟರೆ ಆ ಸಾಲ ಇಪ್ಪತ್ತೊಂದು ತಿಂಗಳೊಳಗೆ ಎರಡರಷ್ಟಾಗುತ್ತದೆ. ಪಿಪಿಎಫ್‌ನಲ್ಲಿಟ್ಟ ದುಡ್ಡು ಎರಡರಷ್ಟಾಗಲು ಹತ್ತು ವರ್ಷ ಬೇಕು. ಒಂದು ಕೈಯಲ್ಲಿ ಈ ಸಾಲ ಇಟ್ಟುಕೊಂಡು ಇನ್ನೊಂದು ಕೈಯಲ್ಲಿ ಉಳಿಸುತ್ತೇನೆ ಎನ್ನುವುದಕ್ಕೆ ಅರ್ಥವಿಲ್ಲ.

ಆಮೇಲೆ ಆರು ತಿಂಗಳ ಮನೆಖರ್ಚಿನಷ್ಟು ಹಣ, ಬೇಕೆಂದಾಗ ತೆಗೆಯುವಂತೆ, ಒಳ್ಳೆಯ ಬ್ಯಾಂಕಿನಲ್ಲಿ. ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಮಾತ್ರ ವಿಮೆಯ ರಕ್ಷಣೆ ಎಂಬುದು ನೆನಪಿರಲಿ. ಆಮೇಲೆ ವಿಮೆ. ಕಚೇರಿಯವರು ಕೊಟ್ಟ ಆರೋಗ್ಯ ವಿಮೆ ಕೆಲಸ ಹೋದ ದಿನವೇ ಹೋಗುತ್ತದೆ, ಆದ್ದರಿಂದ ಸ್ವಂತದ್ದೊಂದು ಇರಲಿ. ಆರೋಗ್ಯವಾಗಿರುವಾಗಲೇ ಮಾಡಿಸು. ಕಾಯಿಲೆ ಬಂದ ಮೇಲೆ ಮಾಡಿಸಿದರೆ ಆ ಕಾಯಿಲೆಗೆ ರಕ್ಷಣೆ ಸಿಗಲು ಮೂರು ವರ್ಷದವರೆಗೂ ಕಾಯಬೇಕಾಗಬಹುದು. ನಿನ್ನ ದುಡಿಮೆಯನ್ನೇ ನಂಬಿದ ಜೀವಗಳಿದ್ದರೆ ಟರ್ಮ್ ವಿಮೆ ಬೇಕೇ ಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವವಿಮೆ, ಆರೋಗ್ಯ ವಿಮೆಗಳ ಕಂತಿಗೆ ಜಿಎಸ್‌ಟಿಯೂ ಇಲ್ಲ. ತಂಬಾಕು ಸೇವಿಸುವವನಿಗೆ ವಿಮಾ ಕಂಪನಿ ಹೆಚ್ಚು ಕಂತು ಕೇಳುತ್ತದೆ. ದೇಹ ಮತ್ತು ದುಡ್ಡಿನ ನಂಟನ್ನು ಅವರು ನಮಗಿಂತ ಮೊದಲೇ ಲೆಕ್ಕ ಹಾಕಿಟ್ಟಿದ್ದಾರೆ. ಇಷ್ಟೆಲ್ಲ ಆದ ಮೇಲೆ ಹತ್ತು ವರ್ಷ ಮುಟ್ಟದಿರುವ ಹಣ ಮಾತ್ರ ಮ್ಯೂಚುವಲ್ ಫಂಡಿಗೆ, ತಿಂಗಳ ಕಂತಿನಲ್ಲಿ.

ಇನ್ನು ದೇಹ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ, ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ತರುವ ವ್ಯಾಯಾಮ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ಬಿರುಸಾಗಿ ನಡೆದರೆ 150 ಆಯಿತು. ಎರಡು ದಿನ ದಂಡ, ಬಸ್ಕಿ, ಭಾರ ಎತ್ತುವುದು. ಇದಕ್ಕೆ ದುಬಾರಿ ಜಿಮ್ ಬೇಕಿಲ್ಲ. ಇದ್ದರೆ ಒಳ್ಳೆಯದು, ಇಲ್ಲದ್ದು ನೆಪವಾಗಬಾರದು. ಬೇಕಾದದ್ದು ಒಂದು ಹೊತ್ತು. ಬೆಳಗ್ಗೆ ಆರಕ್ಕೋ ಸಂಜೆ ಏಳಕ್ಕೋ, ನಿನಗೆ ಒಗ್ಗಿದ್ದು. ಆ ಹೊತ್ತಿಗೆ ಫೋನು ಬಂದರೆ ಆಮೇಲೆ ಮಾತಾಡುತ್ತೇನೆ ಅನ್ನು. ರಾತ್ರಿಪಾಳಿಯವನಾದರೆ ಪಾಳಿಗೆ ತಕ್ಕಂತೆ ಹೊತ್ತು ಬದಲಿಸು, ಬಿಡಬೇಡ. ಸಾಧ್ಯವಾದರೆ ಜೊತೆಗೊಬ್ಬನನ್ನು ಕಟ್ಟಿಕೋ. ಗರಡಿಯಲ್ಲಿ ಉಸ್ತಾದ್ ಮಾಡುತ್ತಿದ್ದ ಅರ್ಧ ಕೆಲಸವನ್ನು ಬೀದಿಯ ತುದಿಯಲ್ಲಿ ಕಾಯುವ ಗೆಳೆಯ ಮಾಡುತ್ತಾನೆ.

ಮೂವತ್ತು ದಾಟಿದ ಮೇಲೆ, ಬಳಸದ ಸ್ನಾಯು ಮೆಲ್ಲಮೆಲ್ಲಗೆ ಕರಗುತ್ತ ಹೋಗುತ್ತದೆ. ಅದು ಕನ್ನಡಿಯಲ್ಲಿ ಬೇಗ ಕಾಣುವುದಿಲ್ಲ, ಅರವತ್ತೈದರಲ್ಲಿ ನೆಲದಿಂದ ಏಳಲು ಕೈ ಊರಬೇಕಾದಾಗ ಗೊತ್ತಾಗುತ್ತದೆ. ಇನ್ನೊಂದು ಮಾತು, ನಮ್ಮ ಮೈಗುಣವೇ ಬೇರೆ. ಕೈಕಾಲು ಸಣ್ಣಗಿದ್ದರೂ ಹೊಟ್ಟೆಯ ಸುತ್ತ ಕೊಬ್ಬು ಸೇರುವ ಪ್ರವೃತ್ತಿ ಭಾರತೀಯರಿಗೆ ಹೆಚ್ಚು. ಅದಕ್ಕೇ ನಮ್ಮ ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್ ದಾಟಬಾರದು ಎಂಬ ಗೆರೆ ಹಾಕಿದ್ದಾರೆ. ತೂಕದ ಯಂತ್ರಕ್ಕಿಂತ ದರ್ಜಿಯ ಟೇಪು ನಿನಗೆ ಹೆಚ್ಚು ನಿಜ ಹೇಳುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮಧುಮೇಹ ಇರುವವರು 10.1 ಕೋಟಿ, ಅದರ ಹೊಸ್ತಿಲಲ್ಲಿ ನಿಂತವರು 13.6 ಕೋಟಿ. ಹೊಸ್ತಿಲಲ್ಲಿರುವವರಲ್ಲಿ ಅನೇಕರಿಗೆ ಅದು ಗೊತ್ತೇ ಇಲ್ಲ. ಮೂವತ್ತಾದ ಮೇಲೆ ಹುಟ್ಟಿದ ತಿಂಗಳಲ್ಲಿ ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ನೋಡಿಸು. ಇದಕ್ಕೂ ಒಂದು ತಾರೀಖು.

ಊಟದಲ್ಲಿ ದೊಡ್ಡ ವ್ರತಗಳು ಬೇಡ. ನಮ್ಮ ಅಡುಗೆಮನೆಯಲ್ಲೇ ಬೇಕಾದದ್ದಿದೆ. ದೇಹತೂಕದ ಕಿಲೋ ಒಂದಕ್ಕೆ ಸುಮಾರು 0.83 ಗ್ರಾಂ ಪ್ರೋಟೀನ್ ಬೇಕೆಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಹೇಳುತ್ತಾರೆ. 65 ಕಿಲೋದವನಿಗೆ 54 ಗ್ರಾಂ. ಹುರುಳಿ, ತೊಗರಿ ಯಾವುದೇ ಆಗಲಿ 100 ಗ್ರಾಂ ಕಾಳಿನಲ್ಲಿ 20 ಗ್ರಾಂಗೂ ಹೆಚ್ಚು ಸಿಗುತ್ತದೆ, ಒಂದು ಮೊಟ್ಟೆಯಲ್ಲಿ 6. ಮುದ್ದೆ, ಹುರುಳಿ ಸಾರು, ಮೊಳಕೆಕಾಳಿನ ಕೋಸಂಬರಿ, ಮೊಸರು, ತಿನ್ನುವವನಾದರೆ ಮೊಟ್ಟೆ, ಮೀನು. ಇವು ಹೆಚ್ಚಲಿ, ಅನ್ನ ಒಂದು ಸೌಟು ಕಡಿಮೆಯಾಗಲಿ. ದಿನಕ್ಕೆ ನಾಲ್ಕು ಕಾಫಿ, ಪ್ರತಿಯೊಂದಕ್ಕೂ ಎರಡು ಚಮಚ ಸಕ್ಕರೆ ಎಂದರೆ ಕಾಫಿಯಿಂದಲೇ 32 ಗ್ರಾಂ ಆಯಿತು. ದಿನಕ್ಕೆ 25 ಗ್ರಾಂ ದಾಟದಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಚಮಚ ಕಡಿಮೆ ಮಾಡು, ಎರಡು ವಾರಕ್ಕೆ ನಾಲಿಗೆ ಒಪ್ಪುತ್ತದೆ. ಏಳು ಗಂಟೆ ನಿದ್ದೆಯನ್ನು ಯಾವ ಸರಣಿಗೂ ಯಾವ ಪಂದ್ಯಕ್ಕೂ ಬಿಟ್ಟುಕೊಡಬೇಡ.

ಈಗ ಈ ಎರಡೂ ದಾರಿಯಲ್ಲಿ ನಿನ್ನನ್ನು ಕೆಡವಲು ಕಾದಿರುವ ಒಂದೇ ಶತ್ರುವಿನ ವಿಚಾರ. ಅದರ ಹೆಸರು ಅವಸರ. ಹತ್ತು ವರ್ಷದ್ದನ್ನು ಹತ್ತು ವಾರದಲ್ಲಿ ಪಡೆಯುವ ಆಸೆ. ದುಡ್ಡಿನ ಕಡೆ ಅದು ಷೇರುಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವೇಷದಲ್ಲಿ ಬರುತ್ತದೆ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನ ಓದಿದರೆ ಎದೆ ಝಲ್ಲೆನ್ನುತ್ತದೆ. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಈ ವ್ಯವಹಾರಕ್ಕಿಳಿದ ವ್ಯಕ್ತಿಗಳಲ್ಲಿ ಶೇ 93ರಷ್ಟು ಮಂದಿ ಹಣ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಫೋನಿನಲ್ಲಿ ಲಾಭದ ಚಿತ್ರ ತೋರಿಸಿ ತರಗತಿ ಮಾರುವವನ ಮಾತು ಕೇಳುವ ಮುನ್ನ ಈ 93ನ್ನು ನೆನೆ. ದುಡ್ಡಿನ ಆನ್‌ಲೈನ್ ಆಟಗಳನ್ನು 2025ರಲ್ಲಿ ಕಾನೂನೇ ನಿಷೇಧಿಸಿತು. ಅದಕ್ಕೆ ಮೊದಲು ಎಷ್ಟು ಮನೆಗಳು ಬಿದ್ದವು ಎಂಬುದು ನಿನಗೂ ಗೊತ್ತು. ಹೆಚ್ಚು ಲಾಭದ ಆಸೆ ತೋರಿಸಿದ ಬೆಂಗಳೂರಿನ ಐಎಂಎ ಎಂಬ ಹೂಡಿಕೆ ಸಂಸ್ಥೆ 2019ರಲ್ಲಿ ಕುಸಿದಾಗ ಸಾವಿರಾರು ಕುಟುಂಬಗಳ ಜೀವಮಾನದ ಗಳಿಕೆ ಹೋಯಿತು. ಬ್ಯಾಂಕಿಗಿಂತ ಎರಡು ಮೂರು ಪಟ್ಟು ಖಚಿತ ಲಾಭ ಎಂದು ಯಾರು ಹೇಳಿದರೂ ಎದ್ದು ಬಾ, ಹೇಳಿದವನು ನೆಂಟನಾದರೂ ಸರಿ, ನಿನ್ನ ಜಾತಿಯವನಾದರೂ ಸರಿ.

ದೇಹದ ಕಡೆ ಅದೇ ಅವಸರ ಸ್ಟೆರಾಯ್ಡ್ ಸೂಜಿಯಾಗಿ, ಹದಿನೈದು ದಿನದ ಉಪವಾಸವಾಗಿ, ಗೊತ್ತುಗುರಿಯಿಲ್ಲದ ಪುಡಿಯಾಗಿ ಬರುತ್ತದೆ. ಸ್ಟೆರಾಯ್ಡ್ ಹೃದಯವನ್ನೂ ಯಕೃತ್ತನ್ನೂ ಸಂತಾನಶಕ್ತಿಯನ್ನೂ ಹಾಳುಮಾಡುತ್ತದೆ. ತೋಳು ದಪ್ಪವಾದದ್ದು ಎಲ್ಲರಿಗೂ ಕಾಣುತ್ತದೆ, ಒಳಗಿನದು ಕಾಣುವುದಿಲ್ಲ. ತಂಬಾಕಂತೂ ಎರಡೂ ಕಡೆಯಿಂದ ತಿನ್ನುತ್ತದೆ. ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾದವರ ಕಾರಣಗಳನ್ನು ಅಧ್ಯಯನ ಮಾಡಿದ ಜಯದೇವದ ವೈದ್ಯರು ಮತ್ತೆ ಮತ್ತೆ ಬೆರಳು ತೋರಿಸಿರುವುದು ಧೂಮಪಾನದ ಕಡೆಗೆ. ಮೇಲೆ ಹೇಳಿದ ದಿನಕ್ಕೆ 100 ರೂಪಾಯಿ ಎಲ್ಲಿಂದ ತರಲಿ ಎಂದು ಕೇಳಿದರೆ, ಅದು ನಾಲ್ಕೈದು ಸಿಗರೇಟಿನ ಬೆಲೆ.

ತಪ್ಪಿದ ದಿನ ಏನು ಮಾಡಬೇಕು ಎಂಬುದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ತಪ್ಪುವುದು ಖಂಡಿತ. ಜ್ವರ ಬರುತ್ತದೆ, ಮಗು ಹುಟ್ಟುತ್ತದೆ, ಮನೆ ಬದಲಿಸಬೇಕಾಗುತ್ತದೆ, ತಂಗಿಯ ಮದುವೆ ಬರುತ್ತದೆ. ಆಗ ಮರುದಿನ ದುಪ್ಪಟ್ಟು ಮಾಡಿ ಪ್ರಾಯಶ್ಚಿತ್ತ ಮಾಡಿಕೊಳ್ಳಲು ಹೋಗಬೇಡ. ಎಂದಿನಷ್ಟೇ ಮಾಡು. ದುಪ್ಪಟ್ಟು ಮಾಡಲು ಹೋದವನು ಮೈ ನೋಯಿಸಿಕೊಂಡು ವಾರ ಮಲಗುತ್ತಾನೆ. ಕಳೆದ ದುಡ್ಡನ್ನು ಒಂದೇ ಏಟಿಗೆ ವಾಪಸು ಗಳಿಸಲು ಹೋದವನು ಉಳಿದದ್ದನ್ನೂ ಕಳೆಯುತ್ತಾನೆ. ತೀರಾ ಕಷ್ಟದ ದಿನಗಳಿಗೆಂದು ಒಂದು ಕನಿಷ್ಠವನ್ನು ಮೊದಲೇ ಗೊತ್ತುಮಾಡಿಟ್ಟುಕೋ. ಹತ್ತು ನಿಮಿಷದ ನಡಿಗೆ, 500 ರೂಪಾಯಿಯ ಉಳಿತಾಯ. ಕಡಿಮೆ ಮಾಡು, ಪರಿಪಾಠ ಮುರಿಯಬೇಡ. ಎರಡಾಣೆಗೂ ಪುಸ್ತಕದಲ್ಲಿ ಒಂದು ಸಾಲು ಬರೆಯುತ್ತಿದ್ದ ಪಿಗ್ಮಿಯವನಿಗೆ ಇದು ಗೊತ್ತಿತ್ತು.

ಕೊನೆಯದಾಗಿ, ಗಂಡಸರಿಗೆಂದೇ ಹೇಳಬೇಕಾದ ಮಾತು. ನಾವು ಎರಡು ಸಂಗತಿಗಳನ್ನು ಮುಚ್ಚಿಡುತ್ತೇವೆ. ಒಂದು ಎದೆನೋವು, ಇನ್ನೊಂದು ಸಾಲ. ಗ್ಯಾಸ್ ಇರಬೇಕು ಎಂದು ಸೋಡಾ ಕುಡಿದು ಮಲಗಿದವರು, ಇನ್ನೊಂದು ಆ್ಯಪಿನಿಂದ ಸಾಲ ಎತ್ತಿ ಹಳೆಯದನ್ನು ತೀರಿಸಿದವರು, ಇಬ್ಬರೂ ಮನೆಯವರಿಗೆ ತೊಂದರೆ ಯಾಕೆ ಎಂದೇ ಮುಚ್ಚಿಟ್ಟವರು. ಕೊನೆಗೆ ಮನೆಯವರ ಮೇಲೆಯೇ ಎಲ್ಲ ಬಿತ್ತು. ನಮ್ಮ ಹೆಂಗಸರು ಸಾಸಿವೆ ಡಬ್ಬಿಯಲ್ಲಿ ದುಡ್ಡು ಕೂಡಿಟ್ಟು ಎಷ್ಟೋ ಸಂಸಾರಗಳನ್ನು ದಡ ಮುಟ್ಟಿಸಿದವರು. ಅವರಿಂದ ಲೆಕ್ಕ ಮುಚ್ಚಿಡುವುದು ಮೂರ್ಖತನ. ತಿಂಗಳಿಗೊಮ್ಮೆ ಹೆಂಡತಿಯ ಜೊತೆ, ಮದುವೆಯಾಗಿಲ್ಲದಿದ್ದರೆ ಅಮ್ಮನ ಜೊತೆ ಕೂತು ಬಂದದ್ದು, ಹೋದದ್ದು, ಬಾಕಿ ಇರುವುದು ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆ. ವಿಮೆ, ಪಿಎಫ್, ಖಾತೆ ಎಲ್ಲಕ್ಕೂ ನಾಮಿನಿ ಹೆಸರು ಹಾಕಿಸು, ಕಾಗದಪತ್ರ ಎಲ್ಲಿವೆ ಎಂದು ಅವರಿಗೆ ತೋರಿಸು. ಎದೆ ಹಿಡಿದರೆ, ಎಡಗೈ ಸೆಳೆದರೆ, ಕಾರಣವಿಲ್ಲದೆ ಬೆವರಿದರೆ ಮನೆಯವರನ್ನು ಕೂಗು, ಆಸ್ಪತ್ರೆಗೆ ಹೊರಡು. ಹೇಳಿಕೊಳ್ಳುವುದರಿಂದ ಗಂಡಸುತನಕ್ಕೆ ಕುಂದಿಲ್ಲ.

ಈ ಶಿಸ್ತಿನ ಫಲ ನಿನಗೊಬ್ಬನಿಗೇ ಅಲ್ಲ. ಅಪ್ಪನಿಗೆ ಶಸ್ತ್ರಚಿಕಿತ್ಸೆ ಎಂದಾಗ ಯಾರ ಮುಂದೆಯೂ ಕೈ ಚಾಚದೆ ನಿಲ್ಲುವುದು, ಐವತ್ತೈದರಲ್ಲೂ ಅಮ್ಮನನ್ನು ಎತ್ತಿ ಕೂರಿಸುವ ಬಲ ತೋಳಿನಲ್ಲಿರುವುದು, ಮಕ್ಕಳಿಗೆ ಮುಂದೆ ಹೊರೆಯಾಗದಿರುವುದು, ಇವುಗಳಿಗಾಗಿಯೇ ಈ ಪಾಡೆಲ್ಲ.

ಆದ್ದರಿಂದ ಈ ವಾರ ಮೂರೇ ಕೆಲಸ ಮಾಡು. ಸಂಬಳದ ಮರುದಿನ ಹತ್ತರಲ್ಲೊಂದು ಪಾಲು ತಾನಾಗಿ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಡು. ನಡಿಗೆಗೆ ಒಂದು ಹೊತ್ತು ಗೊತ್ತುಮಾಡು. ಈ ಎರಡನ್ನೂ ಮನೆಯಲ್ಲಿ ಒಬ್ಬರಿಗೆ ಹೇಳು. ಮುಂದಿನ ವರ್ಷ ಇದೇ ತಿಂಗಳಲ್ಲಿ ಪಾಸ್‌ಬುಕ್ಕನ್ನೂ ದರ್ಜಿಯ ಟೇಪನ್ನೂ ತೆಗೆದು ನೋಡು. ಆಗ ಈ ಮಾತುಗಳನ್ನು ನೀನು ನಿನ್ನ ತಮ್ಮನಿಗೆ ಹೇಳಬಲ್ಲೆ.